ಬಸವಪ್ಪ ತಡೆದ ರಕ್ತ

ದೆವ್ವ, ಗಾಳಿ, ಮೈಮೇಲೆ ಬರುವ ದೇವರು, ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಅದಕ್ಕೆ ದೊಡ್ಡ ಓದೇನೂ ಕಾರಣವಲ್ಲ, ನನ್ನ ಉದ್ಯೋಗ ಕಾರಣ. ಹಳ್ಳಿಯ ಡೇರಿಗಳಿಗೆ ಹೋಗಿ ಹಾಲಿನ ಗುಣಮಟ್ಟ ನೋಡುವ ಮೇಲ್ವಿಚಾರಕ ನಾನು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದ್ದೇನೆ. ಹಣೆ ತುಂಬ ವಿಭೂತಿ ಬಳಿದುಕೊಂಡವರ ಕ್ಯಾನಿನಲ್ಲೂ ನೀರು ಕಂಡಿದ್ದೇನೆ. ನೀರು ಬೆರೆಸಿದ್ದು ಗೊತ್ತಾಗಬಾರದೆಂದು ಮೇಲೆ ಸಕ್ಕರೆ ಹಾಕಿಕೊಂಡು ಬಂದು, ದೇವರಾಣೆ ಇಟ್ಟವರನ್ನೂ ಕಂಡಿದ್ದೇನೆ. ಹೀಗಾಗಿ ಯಾರು ಏನು ಹೇಳಿದರೂ ಮೊದಲು ಅನುಮಾನ ಪಡುವುದು ನನಗೆ ಅಂಟಿಕೊಂಡುಬಿಟ್ಟಿದೆ. ಮನೆಯಲ್ಲಿ ಕಾಫಿ ಕೊಟ್ಟರೂ ನಾನು ಲೋಟ ಓರೆ ಮಾಡಿ ನೋಡುತ್ತೇನೆಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ಇಂಥ ಅನುಭವಗಳು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿ, ಒಂಟಿ ದಾರಿಯಲ್ಲಿ, ಜೊತೆಗೆ ಯಾರೂ ಇಲ್ಲದಾಗ ಆಗುತ್ತವೆ. ಸಾಕ್ಷಿ ಇರುವುದಿಲ್ಲವಲ್ಲ, ಅದೇ ಅನುಕೂಲ. ನನಗೆ ಆದದ್ದು ಚೆನ್ನಾಗಿ ಬಿಸಿಲೇರಿದ ಮೇಲೆ, ಊರಿನ ಅರ್ಧ ಜನ ನಿಂತು ನೋಡುತ್ತಿರುವಾಗ. ಕೆಲವು ವರ್ಷಗಳ ಹಿಂದಿನ ಮಾತು. ಅಂದಿನಿಂದ ಇಂದಿನವರೆಗೆ ಅದನ್ನು ತಿರುವಿ ತಿರುವಿ ನೋಡಿದ್ದೇನೆ. ಎಲ್ಲಿ ನೀರು ಬೆರೆತಿದೆ ಎಂದು ಪತ್ತೆಯಾಗಿಲ್ಲ.

ನನ್ನ ಅಕ್ಕ ಸಾವಿತ್ರಿಯನ್ನು ಕೊಟ್ಟಿರುವುದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಗೋವಿಂದನಹಳ್ಳಿಯ ಆಚೆ ಇರುವ ಒಂದು ಹಳ್ಳಿಗೆ. ಕೊಟ್ಟಿರುವುದು ಎನ್ನುವುದಕ್ಕಿಂತ ಉಳಿಸಿಕೊಂಡದ್ದು ಎನ್ನಬೇಕು, ಏಕೆಂದರೆ ಅದು ನಮ್ಮ ತಾಯಿಯ ತವರೂರು. ಅಕ್ಕನ ಗಂಡ ನಮ್ಮ ತಾಯಿಯ ಸ್ವಂತ ತಮ್ಮ. ನಮ್ಮ ಕಡೆ ಇದು ಹೊಸದೇನಲ್ಲ. ಹೆಣ್ಣು ಹೊರಗೆ ಹೋಗಬಾರದು, ಸೋದರಮಾವನಿರುವಾಗ ಬೇರೆಯವರು ಯಾಕೆ ಎಂದು ಹಿರಿಯರು ಮಾತಾಡಿಕೊಂಡು ಮುಗಿಸಿಬಿಟ್ಟರು. ಹಾಗಾಗಿ ನಾನು ಅವರನ್ನು ಹುಟ್ಟಿದಾಗಿನಿಂದ ಕರೆದಂತೆ ಮಾವ ಎಂದೇ ಕರೆಯುತ್ತೇನೆ.

ಮಾವ ಕೆ.ಆರ್.ಎಸ್.ನಲ್ಲಿ ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲೇ ಕ್ವಾರ್ಟರ್ಸ್‌ನಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅಕ್ಕ ಊರಿನಲ್ಲಿ ನಾಲ್ಕು ಮಕ್ಕಳು, ಎರಡು ಹಸು, ಗದ್ದೆ, ಎಲ್ಲವನ್ನೂ ನೋಡಿಕೊಂಡಳು. ಮಾವ ಮಾತು ಕಡಿಮೆಯ, ತಲೆ ತಗ್ಗಿಸದ ಮನುಷ್ಯ. ದೇವರಿಗೂ ಕೈ ಮುಗಿಯುವ ಅಭ್ಯಾಸ ಇರಲಿಲ್ಲ. ಅಕ್ಕನ ಒತ್ತಾಯಕ್ಕೆ ಗಂಜಾಂನ ನಿಮಿಷಾಂಬ ಗುಡಿಗೆ ಬಂದರೂ ಒಳಗೆ ಹೋಗದೆ ಹೊಳೆಯ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂರುವರು. ಆ ಒಂದು ವಿಷಯದಲ್ಲಿ ನನಗೂ ಅವರಿಗೂ ಚೆನ್ನಾಗಿ ಹೊಂದುತ್ತಿತ್ತು. ಕೆ.ಆರ್.ಎಸ್.ನ ಒಂದು ಹೋಟೆಲಿನ ಹೆಂಗಸಿನ ಜೊತೆ ಅವರ ಹೆಸರನ್ನು ಸೇರಿಸಿ ಊರಲ್ಲಿ ಒಮ್ಮೆ ಗುಸುಗುಸು ಎದ್ದಿತ್ತು. ಕಣ್ಣಾರೆ ಕಾಣದ್ದನ್ನು ನಂಬದವನಾದ್ದರಿಂದ ನಾನು ಅದನ್ನೂ ನಂಬಲಿಲ್ಲ.

ಐವತ್ತರ ಹತ್ತಿರ ಬಂದಾಗ ಅಕ್ಕನಿಗೆ ವಿಪರೀತ ರಕ್ತಸ್ರಾವ ಶುರುವಾಯಿತು. ಹೇಳಿಕೊಳ್ಳದೆ ತಿಂಗಳುಗಟ್ಟಲೆ ಸಹಿಸಿಕೊಂಡಿದ್ದಾಳೆ. ಒಂದು ದಿನ ಕೊಟ್ಟಿಗೆಯಲ್ಲಿ ಕುಸಿದು ಬಿದ್ದಳು. ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಗರ್ಭಕೋಶದಲ್ಲಿ ಗಡ್ಡೆ, ತೆಗೆಯಲೇಬೇಕು, ಆದರೆ ಮೈಯಲ್ಲಿ ರಕ್ತವೇ ಇಲ್ಲ, ರಕ್ತ ಕೊಡದೆ ಆಪರೇಷನ್ ಮಾಡುವ ಹಾಗಿಲ್ಲ, ಮಾಡದೆ ಬಿಡುವ ಹಾಗೂ ಇಲ್ಲ ಎಂದರು. ಅಕ್ಕನದು ಬಿ ಪಾಸಿಟಿವ್. ಎಲ್ಲೆಂದರಲ್ಲಿ ಸಿಗುವ ಗುಂಪು ಎಂದು ನಾವು ನೆಮ್ಮದಿಯಾಗಿದ್ದೆವು. ಆದರೆ ರಕ್ತನಿಧಿಯಲ್ಲಿದ್ದ ಬಿ ಪಾಸಿಟಿವ್ ಚೀಲಗಳಲ್ಲಿ ಒಂದೂ ಅಕ್ಕನ ರಕ್ತಕ್ಕೆ ಹೊಂದಲಿಲ್ಲ. ಇವರ ರಕ್ತದಲ್ಲಿ ಬೇರೆಯವರ ರಕ್ತವನ್ನು ಒಡೆಯುವಂಥದ್ದು ಏನೋ ಇದೆ, ಅದೇನೆಂದು ಇನ್ನೂ ಪರೀಕ್ಷೆ ನಡೆಯುತ್ತಿದೆ, ಅಷ್ಟರಲ್ಲಿ ಅದೇ ಗುಂಪಿನ ಜನರನ್ನು ಎಷ್ಟು ಸಾಧ್ಯವೋ ಅಷ್ಟು ಕರೆತನ್ನಿ, ಅದರಲ್ಲೂ ಒಡಹುಟ್ಟಿದವರು ಬಂದರೆ ಒಳ್ಳೆಯದು ಎಂದು ರಕ್ತನಿಧಿಯ ಡಾಕ್ಟರಮ್ಮ ಹೇಳಿದರು. ಒಡಹುಟ್ಟಿದವನಾದ ನನ್ನದು ಎ ಗುಂಪು. ಕೆಲಸಕ್ಕೆ ಬಾರದ ತಮ್ಮ. ನಾಗಮಂಗಲದಲ್ಲಿರುವ ತಂಗಿ ನಾಗರತ್ನಳಿಗೆ ಫೋನು ಮಾಡಿ, ನಾನು ಅಕ್ಕನ ಊರಿಗೆ ಹೊರಟೆ.

ಊರಿನಲ್ಲಿ ಜನಕ್ಕೇನೂ ಕೊರತೆಯಾಗಲಿಲ್ಲ. ಡ್ರೈವಿಂಗ್ ಲೈಸೆನ್ಸಿನಲ್ಲಿ ಬಿ ಪಾಸಿಟಿವ್ ಎಂದಿದ್ದ ಹುಡುಗರೆಲ್ಲ ಮರುದಿನ ಬೆಳಿಗ್ಗೆ ಟೆಂಪೊ ಹತ್ತಿ ಕೂತರು. ಆದರೆ ಎಲ್ಲರ ಭರವಸೆ ಇದ್ದದ್ದು, ಹಸುಗಳನ್ನು ನೋಡಿಕೊಳ್ಳಲು ರಜೆ ಹಾಕಿ ಊರಿಗೆ ಬಂದಿದ್ದ ಮಾವನ ಮೇಲೆ. ಅವರದೂ ಬಿ ಪಾಸಿಟಿವ್, ಅದು ನೌಕರಿಗೆ ಸೇರುವಾಗಲೇ ಪರೀಕ್ಷೆಯಾದದ್ದು. ಅಷ್ಟೇ ಅಲ್ಲ, ಗಂಡನೂ ಹೌದು, ಸೋದರಮಾವನೂ ಹೌದು. ತಾಯಿ ಕಡೆಯ ಅದೇ ರಕ್ತ, ಹೊಂದದೆ ಎಲ್ಲಿಗೆ ಹೋಗುತ್ತದೆ ಎಂದು ಹೆಂಗಸರು ಮಾತಾಡಿಕೊಂಡರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅದೇ ದಿನ ಪಕ್ಕದ ಊರಿನ ಬಸವಪ್ಪ ಅಕ್ಕನ ಊರಿಗೆ ಬಂದಿತ್ತು. ಯಾರೋ ಹೊಸ ಮನೆಗೆ ಪಾಯ ಹಾಕುವವರು ಕರೆಸಿದ್ದರು. ಈ ಸೀಮೆಯವರಿಗೆ ಬಸವಪ್ಪನ ವಿಷಯ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ದೇವರ ಹೆಸರಿನಲ್ಲಿ ಬಿಟ್ಟ ಬಸವ ಅದು. ಮೂಗುದಾರ ಹಿಡಿದು ಯಾರೂ ಎಳೆಯುವುದಿಲ್ಲ. ತಾನೇ ಮುಂದೆ ನಡೆಯುತ್ತದೆ, ಗುಡ್ಡಪ್ಪ ಎಂದು ಕರೆಯುವ ಪೂಜಾರಿ ಹಿಂದೆ ಬರುತ್ತಾನೆ. ಕೈಯೊಡ್ಡಿ ಕೂತವರ ಕೈಯಲ್ಲಿ, ತನಗೆ ಇಷ್ಟವಾದರೆ, ಬಲಪಾದ ಇಟ್ಟು ಒಪ್ಪಿಗೆ ಕೊಡುತ್ತದೆ. ಇಷ್ಟವಾಗದಿದ್ದರೆ ಅಡ್ಡ ನಿಲ್ಲುತ್ತದೆ. ಹೀಗೆ ಕಳ್ಳರನ್ನು ಹಿಡಿದುಕೊಟ್ಟ, ಮುರಿದ ಸಂಬಂಧ ಕೂಡಿಸಿದ ಕಥೆಗಳು ಊರೂರಿಗೆ ಹತ್ತಾರು ಇವೆ. ತಡೆಸಿಕೊಂಡವರು ಕೈಮುಗಿದು ತಪ್ಪಾಯ್ತು ಎಂದು ತಪ್ಪುಕಾಣಿಕೆ ಕಟ್ಟುವುದು ಪದ್ಧತಿ. ಇದೆಲ್ಲ ಗುಡ್ಡಪ್ಪನ ಕಣ್ಸನ್ನೆಯ ಆಟ ಎಂದು ನಾನು ಎಷ್ಟೋ ಡೇರಿಗಳ ಜಗಲಿಯಲ್ಲಿ ಕೂತು ವಾದಿಸಿದ್ದೇನೆ.

ಟೆಂಪೊ ಅರಳಿಕಟ್ಟೆಯ ಹತ್ತಿರ ನಿಂತಿತ್ತು. ಹುಡುಗರು ಒಳಗಿದ್ದರು. ಮಾವ ಹೆಗಲ ಮೇಲೆ ಟವಲು ಹಾಕಿಕೊಂಡು ಬಂದರು. ಆಗ ಮೇಲಿನ ಬೀದಿಯಿಂದ ಗಂಟೆಯ ಸದ್ದು ಕೇಳಿಸಿತು. ಹೆಂಗಸರು ಅದರ ಪಾದ ತೊಳೆಯಲು ಬಿಂದಿಗೆಯಲ್ಲಿ ನೀರು ಹಿಡಿದು ಕಾದಿದ್ದರು, ಅವರ ಕಡೆಗೂ ಹೋಗದೆ ಬಸವಪ್ಪ ನೇರವಾಗಿ ಇಳಿದು ಬಂದು ಮಾವನಿಗೂ ಟೆಂಪೊ ಬಾಗಿಲಿಗೂ ನಡುವೆ ಅಡ್ಡ ನಿಂತಿತು. ಅಕಸ್ಮಾತ್ತಾಗಿ ನಿಂತಿರಬೇಕೆಂದು ಮಾವ ಹಿಂದಿನಿಂದ ಸುತ್ತಿ ಬಂದರು. ಬಸವಪ್ಪ ತಿರುಗಿ ಅಲ್ಲೂ ಅಡ್ಡ ನಿಂತಿತು. ಹುಡುಗರು ಒಳಗಿನಿಂದ ನಕ್ಕರು. ಮಾವನೂ ಸ್ವಲ್ಪ ನಕ್ಕು, ಅದರ ಬೆನ್ನಿನ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಲು ನೋಡಿದರು. ಆಗ ಅದು ತಲೆ ತಗ್ಗಿಸಿ ಹಣೆಯನ್ನು ಅವರ ಎದೆಗೆ ಒತ್ತಿ, ಕೋಪವಿಲ್ಲದೆ, ಆತುರವಿಲ್ಲದೆ, ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನೂಕುತ್ತ ಡೇರಿಯ ಗೋಡೆಯವರೆಗೆ ತಂದು ನಿಲ್ಲಿಸಿತು.

ನಾನು ಆಗ ನೋಡುತ್ತಿದ್ದದ್ದು ಗುಡ್ಡಪ್ಪನನ್ನು. ಅವನು ತುಂಬ ಹಿಂದೆ, ಬೀದಿಯ ತಿರುವಿನಲ್ಲಿ ಯಾರದೋ ಮನೆಯ ಮುಂದೆ ಮಂಗಳಾರತಿ ಕೊಡುತ್ತಿದ್ದ. ನಮ್ಮ ಕಡೆ ಬೆನ್ನು ಮಾಡಿದ್ದ. ನಾನು ಮತ್ತೆ ಮಾವನ ಕಡೆ ತಿರುಗಿದಾಗ ನಗು ಎಲ್ಲರಲ್ಲೂ ನಿಂತುಹೋಗಿತ್ತು. ಮಾವನ ಮುಖದಲ್ಲಿ ಬಣ್ಣ ಇರಲಿಲ್ಲ. ಟವಲು ಕೆಳಗೆ ಬಿದ್ದಿತ್ತು. ಅವರು ಎರಡೂ ಕೈ ಮುಗಿದು, “ತಪ್ಪಾಯ್ತು,” ಎಂದರು. ಮತ್ತೊಮ್ಮೆ, ಇನ್ನೂ ಮೆಲ್ಲಗೆ, “ತಪ್ಪಾಯ್ತು ಕಣಪ್ಪ, ಬುಟ್ಬುಡು,” ಎಂದರು. ಬಸವಪ್ಪ ತಲೆ ಎತ್ತಿ, ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಗುಡ್ಡಪ್ಪ ಓಡಿ ಬಂದ. ಇದೇನು, ಯಾಕೆ ತಡೆಯಿತು ಎಂದು ಹೆಂಗಸೊಬ್ಬಳು ಕೇಳಿದಳು. ಅವನು ಅತ್ತಿತ್ತ ನೋಡಿ, “ನನ್ನ ಕೇಳ್ಬೇಡಿ ಕಣ್ರವ್ವ, ತಡೆಸ್ಕೊಂಡೋರ್ನ ಕೇಳಿ,” ಎಂದು ಹೊರಟುಹೋದ. ಆ ಒಂದು ಮಾತು ಸಾಕಾಯಿತು. ಊರು ಮಾವನ ಕಡೆ ನೋಡುವ ರೀತಿಯೇ ಬದಲಾಯಿತು. ಕೆ.ಆರ್.ಎಸ್.ನ ಹಳೆಯ ಮಾತು ಯಾರ ಬಾಯಿಗೂ ಬರಲಿಲ್ಲ, ಆದರೆ ಎಲ್ಲರ ಕಣ್ಣಿನಲ್ಲೂ ಇತ್ತು. ಅವನ ರಕ್ತ ಆಕೆಗೆ ಬೇಡ, ಅವನನ್ನು ಬಿಟ್ಟು ಹೊರಡಿ ಎಂದು ಹಿರಿಯರೊಬ್ಬರು ಹುಡುಗರಿಗೆ ಅಪ್ಪಣೆ ಕೊಟ್ಟರು. ಎತ್ತಿನ ಮಾತು ಕೇಳಿಕೊಂಡು ನನ್ನ ಅಕ್ಕನನ್ನು ಸಾಯಿಸಲು ನಾನು ತಯಾರಿಲ್ಲ ಎಂದು ನಾನು ರೇಗಿದೆ. ಬಸವಪ್ಪನನ್ನು ಎತ್ತು ಎಂದದ್ದಕ್ಕೆ ಆ ಹಿರಿಯರು ಇಂದಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಟೆಂಪೊದವರು ಮಾವನನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ನನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ.

ಚಿನಕುರಳಿ, ಪಾಂಡವಪುರ ದಾಟುವವರೆಗೂ ಮಾವ ತುಟಿ ಬಿಚ್ಚಲಿಲ್ಲ. ನಾನು ರಸ್ತೆ ನೋಡುವುದಕ್ಕಿಂತ ಹೆಚ್ಚಾಗಿ ಅವರನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಆಣೆ ಇಡುವವರನ್ನು ಕಂಡರೆ ನನಗೆ ಅನುಮಾನ, ಅದಕ್ಕಿಂತ ಹೆಚ್ಚು ಅನುಮಾನ ಏನೂ ಹೇಳದೆ ಸುಮ್ಮನಿರುವವರನ್ನು ಕಂಡರೆ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಂದಾಗ ಅವರು ಇದ್ದಕ್ಕಿದ್ದಂತೆ ಕಾರು ನಿಲ್ಲಿಸು ಎಂದರು.

“ನನ್ ರಕ್ತ ಬ್ಯಾಡ ಕಣ್ಲಾ,” ಎಂದರು. “ಅವ್ಳಿಗೆ ಏನಾರ ಆಗ್ಬುಟ್ರೆ?”

“ಸುಮ್ಕೆ ಕೂತ್ಕೊಳಿ ಮಾವ. ನಿಮ್ ರಕ್ತದಲ್ಲೇನೈತೆ ಅಂತ ಅಲ್ಲಿ ಮಿಷನ್ನು ನೋಡ್ತದೆ, ಬಸವ ಅಲ್ಲ.”

ಅವರು ಹೊಳೆಯ ಕಡೆ ಮುಖ ತಿರುಗಿಸಿಕೊಂಡರು. ಹಾಗೆ ಹೇಳಿದವನು ನಾನೇ ಆದರೂ, ಈ ಮನುಷ್ಯ ಯಾಕಿಷ್ಟು ಹೆದರಿದ್ದಾನೆ ಎಂಬ ಪ್ರಶ್ನೆ ಮುಳ್ಳಿನಂತೆ ಒಳಗೆ ಕೂತಿತು.

ಆಸ್ಪತ್ರೆಯಲ್ಲಿ ಮೊದಲು ಗೊತ್ತಾದದ್ದು ಆ ಊರಿನ ಲೈಸೆನ್ಸುಗಳ ಬಂಡವಾಳ. ಅರ್ಜಿ ತುಂಬಿಸಿಕೊಟ್ಟ ಏಜೆಂಟು ರಕ್ತದ ಗುಂಪು ಎಂಬ ಜಾಗದಲ್ಲಿ ಇಡೀ ಊರಿಗೆ ಬಿ ಪಾಸಿಟಿವ್ ಎಂದು ಬರೆದುಬಿಟ್ಟಿದ್ದ. ಪರೀಕ್ಷೆ ಮಾಡಿದರೆ ಹುಡುಗರಲ್ಲಿ ಮುಕ್ಕಾಲು ಪಾಲು ಬೇರೆ ಬೇರೆ ಗುಂಪಿನವರು. ತಮ್ಮ ರಕ್ತ ಯಾವುದೆಂದು ಅವರಿಗೆ ಅಂದೇ ಗೊತ್ತಾದದ್ದು. ಉಳಿದ ಕೆಲವರದು ಬಿ ಪಾಸಿಟಿವ್ ಹೌದು, ಆದರೆ ಅಕ್ಕನ ರಕ್ತಕ್ಕೆ ಹೊಂದಲಿಲ್ಲ. ಮಾವನದು ನಿಜವಾಗಿಯೂ ಬಿ ಪಾಸಿಟಿವ್. ಅವರ ರಕ್ತವನ್ನು ಅಕ್ಕನ ರಕ್ತದ ತಿಳಿಯ ಜೊತೆ ಸೇರಿಸಿ ನೋಡಿದಾಗ ಕೊಳವೆಯಲ್ಲಿ ಅದು ಹಾಲು ಒಡೆದ ಹಾಗೆ ಗಂಟು ಕಟ್ಟಿತು. ಡಾಕ್ಟರಮ್ಮ ನನಗೆ ಅದನ್ನು ತೋರಿಸಿದರು.

ಅಷ್ಟರಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶವೂ ಬಂದಿತ್ತು. ಎ, ಬಿ, ಪಾಸಿಟಿವ್, ನೆಗೆಟಿವ್ ಇಷ್ಟರಲ್ಲೇ ರಕ್ತ ಮುಗಿಯುವುದಿಲ್ಲವಂತೆ. ಕೆಂಪು ಕಣಗಳ ಮೇಲೆ ಇನ್ನೂ ಎಷ್ಟೋ ಸಣ್ಣ ಗುರುತುಗಳಿರುತ್ತವಂತೆ. ಅವುಗಳಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಇರುವ ಒಂದು ಗುರುತು ಅಕ್ಕನಿಗೆ ಇರಲಿಲ್ಲ, ಮಾವನಿಗೆ ಇತ್ತು. ಮಕ್ಕಳು ಹೊಟ್ಟೆಯಲ್ಲಿದ್ದಾಗ ಅಪ್ಪನಿಂದ ಬಂದ ಆ ಗುರುತನ್ನು ತಾಯಿಯ ಮೈ ಕಂಡುಕೊಂಡು, ಇದು ನನ್ನದಲ್ಲ ಎಂದು ನೆನಪಿಟ್ಟುಕೊಂಡು, ಅದರ ವಿರುದ್ಧ ಆಯುಧ ಮಾಡಿಟ್ಟುಕೊಂಡಿದೆ. ಕೆಲವು ಹೆಂಗಸರಲ್ಲಿ ಹೀಗಾಗುತ್ತದಂತೆ. ಲೋಕದಲ್ಲಿ ಬೇರೆ ಯಾರ ರಕ್ತವನ್ನಾದರೂ ಪರೀಕ್ಷೆ ಮಾಡಿ ನೋಡಬಹುದು, ಗಂಡನ ರಕ್ತ ಮಾತ್ರ, ಅವನ ಗುರುತು ಪಡೆದ ಮಕ್ಕಳದೂ ಸೇರಿ, ಇಂಥವರಿಗೆ ಕೊಡಲೇಬಾರದು, ಏಕೆಂದರೆ ಇವರ ಮೈ ಹೋರಾಡಲು ಕಲಿತದ್ದೇ ಅದರ ವಿರುದ್ಧ ಎಂದು ಡಾಕ್ಟರಮ್ಮ ಹೇಳಿದರು.

ಬೆಳಿಗ್ಗೆ ಈ ವಿಷಯ ಯಾರಿಗಾದರೂ ತಿಳಿದಿತ್ತೇ ಎಂದು ಎರಡೆರಡು ಸಲ ಕೇಳಿದೆ. ತಮಗೇ ತಿಳಿದದ್ದು ಮಧ್ಯಾಹ್ನ ಎಂದು ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಅಕ್ಕ ಉಳಿದಳು. ನಾಗಮಂಗಲದಿಂದ ಬಸ್ಸಿನಲ್ಲಿ ಬಂದ ನಾಗರತ್ನಳ ರಕ್ತ ಹೊಂದಿತು. ಅವಳಿಗೂ ಆ ಗುರುತು ಇರಲಿಲ್ಲ. ಒಡಹುಟ್ಟಿದವರ ರಕ್ತ ಹಾಗೇ ಕೊಡಬಾರದೆಂದು ಕಿರಣ ಹಾಯಿಸುವ ಒಂದು ಯಂತ್ರದಲ್ಲಿಟ್ಟು ತೆಗೆದು ಕೊಟ್ಟರು. ಬೆಂಗಳೂರಿನಿಂದ ಇನ್ನೊಂದು ಚೀಲ ತರಿಸಿದರು, ಅದು ಯಾರ ರಕ್ತವೋ, ಅವರು ಎಲ್ಲಿದ್ದರೂ ಚೆನ್ನಾಗಿರಲಿ. ಆಪರೇಷನ್ ಆಯಿತು. ಅಕ್ಕ ಕಣ್ಣು ಬಿಟ್ಟ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಾಚಿಕೆ ಬಿಟ್ಟು ಅತ್ತೆ.

ಆಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಊರಿಗೆ ಹೋಗಿ ಡಾಕ್ಟರಮ್ಮನ ವಿವರಣೆಯನ್ನು ಮನೆಮನೆಗೂ ಹೇಳಿದ್ದು. ಮಾವನ ರಕ್ತದಲ್ಲಿ ಪಾಪ ಇರಲಿಲ್ಲ, ಅವರು ಆಕೆಯ ಮಕ್ಕಳ ತಂದೆ ಎನ್ನುವುದೇ ಕಾರಣ ಎಂದು ಬಿಡಿಸಿ ಹೇಳಿದೆ. ಜನ ಒಪ್ಪಿದರು. ಒಪ್ಪಿ, ಡಾಕ್ಟರಿಗಿಂತ ಮೊದಲೇ ಬಸವಪ್ಪನಿಗೆ ಗೊತ್ತಿತ್ತು ನೋಡಿ ಎಂದು ನನಗೇ ತಿರುಗಿ ಹೇಳಿದರು. ಮಾವನ ಮರ್ಯಾದೆ ಉಳಿಯಿತು, ಬಸವಪ್ಪನ ಹೆಸರು ಇನ್ನಷ್ಟು ಬೆಳೆಯಿತು. ಸೋತವನು ನಾನೊಬ್ಬನೇ.

ಸುಮ್ಮನೆ ಸೋಲುವ ಜಾತಿ ನಾನಲ್ಲ. ಗುಡ್ಡಪ್ಪನನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದೆ. ಮಾವನಿಗೂ ಅವನಿಗೂ ಗದ್ದೆಯ ನೀರಿನ ತಕರಾರು ಏನಾದರೂ ಇತ್ತೇ ಎಂದು ಕೆದಕಿದೆ, ಇರಲಿಲ್ಲ. ಮಾವನ ಮೈಯ ವಾಸನೆಗೆ ಹಾಗಾಡಿರಬಹುದೇ ಎಂದು ಯೋಚಿಸಿದೆ, ಬೀಡಿ ಸೇದುವ ಹುಡುಗರು ಬೇಕಾದಷ್ಟು ಜನ ಅಲ್ಲಿದ್ದರು. ಆಮೇಲೆ ಇನ್ನೊಂದು ವಿಷಯ ಹೊಳೆದು ಖುಷಿಯಾಯಿತು. ಬಸವಪ್ಪ ರಕ್ತದ ಗುಂಪು ಬಲ್ಲದ್ದಾದರೆ, ಟೆಂಪೊ ತುಂಬ ಕೂತಿದ್ದ ಬೇರೆ ಗುಂಪಿನ ಹುಡುಗರನ್ನು ಯಾಕೆ ತಡೆಯಲಿಲ್ಲ? ಅವರ ರಕ್ತವೂ ಅಕ್ಕನಿಗೆ ವಿಷವೇ ಆಗಿತ್ತಲ್ಲ. ಹಾಗಾದರೆ ಇದು ಬರೀ ಕಾಕತಾಳೀಯ. ಈ ವಾದವನ್ನು ಹಿಡಿದುಕೊಂಡು ನಾನು ಕೆಲವು ತಿಂಗಳು ನೆಮ್ಮದಿಯಾಗಿದ್ದೆ.

ಅವರೆಕಾಯಿ ಕಾಲದಲ್ಲಿ ಅಕ್ಕನನ್ನು ನೋಡಲು ಹೋದೆ. ಮೈ ತುಂಬಿಕೊಂಡಿದ್ದಳು. ಜಗಲಿಯಲ್ಲಿ ಕಾಯಿ ಸುಲಿಯುತ್ತ ಕೂತಿದ್ದಳು. ನಾನೂ ಸುಲಿಯುತ್ತ ಕೂತು, ನನ್ನ ವಾದವನ್ನು ಅವಳ ಮುಂದೆ ಇಟ್ಟೆ. ಅವಳು ಎಲ್ಲ ಕೇಳಿಸಿಕೊಂಡಳು.

“ಡಾಕ್ಟ್ರು ಯೋಳಿದ್ದು ದಿಟ ಕಣಪ್ಪ,” ಎಂದಳು. “ಅವ್ರ ರಕ್ತ ಆಗಲ್ಲ ಅಂತ ಮಿಷನ್ನು ಎಂಗೂ ಕಂಡಿಡೀತಿತ್ತು. ಅದ್ಕೆ ಬಸವಪ್ಪ ಬರ್ಬೇಕಿತ್ತಾ?”

ಹುಡುಗರನ್ನೆಲ್ಲ ಬಿಟ್ಟು ಇವರೊಬ್ಬರನ್ನೇ ತಡೆಯಿತು ಎಂಬ ನನ್ನ ವಾದ, ನಾನು ನೋಡುತ್ತಿರುವಂತೆಯೇ ಮಗ್ಗುಲು ಬದಲಾಯಿಸಿತು. ರಕ್ತಕ್ಕಾಗಿ ತಡೆದದ್ದಲ್ಲದಿದ್ದರೆ ಯಾವುದಕ್ಕಾಗಿ?

ಒಳಗೆ ಮಾವ ರೇಡಿಯೋ ಹಾಕಿದ್ದರು. ಅಕ್ಕ ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ತಡೆದಾಗ ಅವರು ಏನಂದರು ಎಂದು ಕೇಳಿದಳು. ಎಲ್ಲರೂ ಅನ್ನುವುದೇ, ಪದ್ಧತಿಯಂತೆ ತಪ್ಪಾಯ್ತು ಅಂದರು ಎಂದೆ.

“ತಪ್ಪಾಯ್ತು ಅಂದ್ರಾ?”

“ಊಂ ಅಕ್ಕ.”

ಅವಳು ಮಡಿಲಿನಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಕೊಡವಿದಳು.

“ಇಷ್ಟು ವರ್ಸದ ಸಂಸಾರದಲ್ಲಿ ನಂಗೆ ಒಂದ್ ಸಲಾನೂ ಅಂದೋರಲ್ಲ ಆ ಮಾತ,” ಎಂದಳು.

ಆಮೇಲೆ ಅವಳು ಮಾವನಿಗೆ ಕಾಫಿ ಮಾಡಲು ಎದ್ದು ಒಳಗೆ ಹೋದಳು. ಅವರು ಇಂದಿಗೂ ಜೊತೆಗೇ ಇದ್ದಾರೆ. ಅಕ್ಕ ಅವರನ್ನು ಏನಾದರೂ ಕೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನಂತೂ ಕೇಳಿಲ್ಲ. ಆ ದಿನ ಬಸವಪ್ಪ ಏನನ್ನು ಕಂಡಿತು, ಅಥವಾ ಏನನ್ನಾದರೂ ಕಂಡಿತ್ತೇ ಎಂಬುದು ನನಗೆ ಈಗಲೂ ತಿಳಿಯದು.